ಸುಗಂಧಾಬಾಯಿ ಸತ್ತು ಕಾದದ್ದು

ಹುಮನಾಬಾದಿನಿಂದ ಬಸವಕಲ್ಯಾಣದವರೆಗೂ ಕಾರಿನಲ್ಲಿ ಮಗಳು ವಿದ್ಯಾವತಿ ಒಂದೇ ಮಾತು ಹೇಳುತ್ತ ಬಂದಳು. "ಅವ್ವಾ, ಶಾಲು ಹೊದಿಸ್ತಾರ, ಹೊದಿಸ್ಕೊ. ಹಾರ ಹಾಕ್ತಾರ, ಹಾಕಿಸ್ಕೊ. ಕುರ್ಚಿ ಬಿಟ್ಟು ಏಳಬ್ಯಾಡ. ಸಾಯೋ ಪಾರ್ಟಂತೂ ಬ್ಯಾಡೇ ಬ್ಯಾಡ."

"ಸುಮ್ನ ಕುಂತು ಹಾರ ಹಾಕಿಸ್ಕೊಳ್ಳಾಕ ನಾ ಏನ್ ಗೋಡಿ ಮ್ಯಾಲಿನ ಫೋಟೋ ಏನು?" ಎಂದರು ಸುಗಂಧಾಬಾಯಿ.

ಅವರಿಗೆ ಎಂಬತ್ತೇಳು. ಹದಿನಾರಕ್ಕೇ ನಾಟಕ ಕಂಪನಿ ಸೇರಿ, ಊರೂರಿನ ಟೆಂಟಿನಲ್ಲಿ ರಾಣಿಯಾಗಿ, ಸವತಿಯಾಗಿ ಮೆರೆದವರು. ನಡುವೆ ಮದರಾಸಿಗೆ ಹೋಗಿ ಒಂದಷ್ಟು ಸಿನಿಮಾ ಮಾಡಿದರು. ಅಲ್ಲಿ ಎಷ್ಟು ಚೆನ್ನಾಗಿ ಅತ್ತರೂ, ಎಷ್ಟು ಚೆನ್ನಾಗಿ ಸತ್ತರೂ ಲೈಟಿನವರು ಚಹಾ ಕುಡಿಯುತ್ತ ನಿಂತಿರುತ್ತಿದ್ದರು. ಹೆಸರು ಬಂತು, ಮೋಟಾರು ಬಂತು. ಎದುರಿಗೆ ಜನ ಮಾತ್ರ ಇರಲಿಲ್ಲ. ತಿರುಗಿ ಕಂಪನಿಗೇ ಬಂದರು. ಆ ಕಂಪನಿ ಮುಚ್ಚಿಯೂ ನಲವತ್ತು ವರ್ಷವಾಯಿತು. ಇನ್ನೊಂದೇ ಒಂದು ಸಲ ಜನರೆದುರು ಪಾರ್ಟು ಮಾಡಬೇಕೆಂದು ಅವರ ಆಸೆ. ಮಗಳಿಗೋ ಅವರ ಉಸಿರಿನದೇ ಚಿಂತೆ.

ಸಭಾಭವನದಲ್ಲಿ, ಸನ್ಮಾನ ಏರ್ಪಡಿಸಿದ್ದ ಸಂಘದ ಗೋವರ್ಧನ, ಎರಡು ಮಾತಾಡಿರೆಂದು ಮೈಕು ಕೊಟ್ಟದ್ದೇ ತಪ್ಪಾಯಿತು. ಪ್ರಾರ್ಥನೆಗೆಂದು ಕರೆಸಿದ್ದ ಪೇಟಿ ಮಾಸ್ತರ ಮಕ್ಬೂಲ್ ವೇದಿಕೆಯ ಬದಿಗೆ ಹಾರ್ಮೋನಿಯಂ ಮುಂದೆ ಇನ್ನೂ ಕುಳಿತಿದ್ದರು. ಕಂಪನಿಯ ಕಾಲದ ಜೊತೆಗಾರ. ಸುಗಂಧಾಬಾಯಿ ಅವರತ್ತ ಹುಬ್ಬು ಹಾರಿಸಿದರು. ಪೇಟಿ ಉಸಿರೆಳೆಯಿತು.

ವಿಷ ಕುಡಿದ ರಾಣಿ ಮಗನನ್ನು ಹಾಡಿ ಹರಸುವ ದೃಶ್ಯ. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಏರಿತು. ಮೊಬೈಲು ನೋಡುತ್ತಿದ್ದವರೂ ತಲೆಯೆತ್ತಿದರು. ಹಾಡು ಮುಗಿಯುವಾಗ ರಾಣಿ ಮೊಣಕಾಲೂರಿ, ಸೆರಗು ಹರಡಿ, ಮೆಲ್ಲಗೆ ಒರಗಿ ಸತ್ತಳು.

"ಅಯ್ಯೋ, ಖರೇನ ಹೋದ್ರೇನ್ರಿ?" ಎಂದ ಗೋವರ್ಧನನ ದನಿ ಮೈಕಿನಲ್ಲೇ ಕೇಳಿತು. ಯಾರೋ ಆಂಬುಲೆನ್ಸಿಗೆ ಫೋನು ಹಚ್ಚಿದರು. ಯಾರೋ ಅಡುಗೆಯವರ ಕಡೆಯಿಂದ ಉಳ್ಳಾಗಡ್ಡಿ ಜಜ್ಜಿ ತಂದು ಮೂಗಿಗೆ ಹಿಡಿದರು. ಬಂದ ಸೀನನ್ನು ಸುಗಂಧಾಬಾಯಿ ನುಂಗಿಕೊಂಡರು.

ಏಳಬಹುದಿತ್ತು. ಆದರೆ ಕಂಪನಿಯ ಕಟ್ಟಳೆಯಲ್ಲಿ ಸತ್ತವರು ತಾವಾಗಿ ಏಳುವಂತಿಲ್ಲ. ಹಾಡು ಮೆಚ್ಚಿದ ಜನ 'ವನ್ಸ್ ಮೋರ್' ಎಂದು ಕೂಗಬೇಕು. ಕೂಗಿದರೆ ಹೆಣವೂ ಎದ್ದು, ಸೀರೆ ಕೊಡವಿ, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಕೂಗದಿದ್ದರೆ ಪರದೆ ಬೀಳುತ್ತದೆ. ಇಲ್ಲಿ ಪರದೆಯೂ ಇರಲಿಲ್ಲ.

ಮಕ್ಬೂಲ್ ಬಾಗಿ ಪಿಸುಗುಟ್ಟಿದರು. "ಏಳ್ರಿ ಬಾಯಿ, ಮಂದಿ ಅಂಜಾಕತ್ತಾರ."

"ಯಾರರ ಕೂಗ್ಯಾರೇನು?" ತುಟಿ ಅಲುಗದಂತೆ ಕೇಳಿದರು ಸುಗಂಧಾಬಾಯಿ.

"ಈಗಿನ ಮಂದಿಗಿ ಏನ್ ಗೊತ್ತದ್ರಿ?"

"ಹಂಗಾರ ನೀವ ಕೂಗ್ರಿ."

"ತೋಬಾ! ಪೇಟಿ ಮಾಸ್ತರ ಕೂಗಿದ್ರ ಅದು ವನ್ಸ್ ಮೋರ್ ಹ್ಯಾಂಗಾಗ್ತದ? ನೋಡಾಕ ಬಂದವ್ರು ಕೂಗಬೇಕು."

ಅಷ್ಟರಲ್ಲಿ ವಿದ್ಯಾವತಿ ಓಡಿಬಂದು ತಾಯಿಯ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. ಅವಳ ಕಣ್ಣೀರು ಕೆನ್ನೆಗೆ ಬಿದ್ದಾಗ ಸುಗಂಧಾಬಾಯಿಗೆ ಚುರ್ ಎಂದಿತು. ಕಟ್ಟಳೆ ಹಾಳಾಗಲಿ, ಏಳಲೇಬೇಕು ಅಂದುಕೊಳ್ಳುವಷ್ಟರಲ್ಲಿ ಮಗಳ ಅಂಗೈ ಎದೆಯ ಮೇಲೆ ಬಂತು. ಎದೆ ಡೋಲಿನಂತೆ ಬಡಿಯುತ್ತಿತ್ತು. ವಿದ್ಯಾವತಿ ರಂಗದ ಬದಿಯ ಟ್ರಂಕಿನ ಮೇಲೆ ಮಲಗಿ ಬೆಳೆದವಳು. ಅವ್ವ ದಿನಾ ಸಾಯುವುದನ್ನು ನೋಡಿದವಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ಹಟಮಾರಿ ಮುದುಕಿ," ಎಂದು ಹಲ್ಲು ಕಡಿದು, ತಲೆಯನ್ನು ನೆಲಕ್ಕಿಳಿಸಿದಳು. ಮೆಲ್ಲಗೇನೂ ಅಲ್ಲ.

ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯಿತು. ಸಿಟ್ಟಿಗೆದ್ದು ಹೊರಟೇಬಿಟ್ಟಳು ಎಂದುಕೊಂಡರು ಸುಗಂಧಾಬಾಯಿ. ಕುರ್ಚಿಯೊಂದನ್ನು ಎಳೆದ ಸದ್ದಾಯಿತು. ಆಮೇಲೆ ಜನರ ನಡುವಿನಿಂದ, ಅಳುವೋ ನಗುವೋ ತಿಳಿಯದ ಮಗಳ ದನಿ:

"ವನ್ಸ್ ಮೋರ್!"

ಹೆಣ ಎದ್ದು ಕುಳಿತಿತು. ಸಭೆ ಕಿರುಚಿತು, ಮರುಗಳಿಗೆ ಬಿದ್ದು ಬಿದ್ದು ನಕ್ಕಿತು. ಸುಗಂಧಾಬಾಯಿ ಮೊದಲು ಮನಸಾರೆ ಸೀನಿದರು, ಸೀರೆ ಕೊಡವಿಕೊಂಡರು, ಆಮೇಲೆ ಹಾಡಿದರು. ಈ ಸಲ ದನಿ ನಡುಗಲಿಲ್ಲ. ಹಾಡು ಮುಗಿಯುವ ಮೊದಲೇ ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಕೂಗುವುದನ್ನು ಕಲಿತುಬಿಟ್ಟಿದ್ದರು.

ಗೋವರ್ಧನ ಶಾಲು ಹಿಡಿದು ಓಡಿಬಂದ. "ಅಮ್ಮಾ, ಸನ್ಮಾನ ಮುಗಿಸಿಬಿಡೂಣ್ರಿ?"

"ತಡಿಯಪ್ಪಾ," ಎಂದರು ಸುಗಂಧಾಬಾಯಿ, ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದ ಮಗಳ ಕಡೆ ನೋಡುತ್ತ. "ಇನ್ನಾ ಒಂದ್ ಸಲ ಸಾಯೋದದ."