ಜಾಣ ಗಾಜಿನ ಪಕ್ಕದ ಕುರ್ಚಿ

ಬಿಸಿಲು ಮೇಜಿನ ಅಂಚು ದಾಟಿ ಅವಳ ಮೊಣಕೈಗೆ ಬಂದಿತ್ತು, ಗಾಜು ಇನ್ನೂ ಕಪ್ಪಾಗಿರಲಿಲ್ಲ — ಬಿಸಿಲೇರಿದರೆ ತಾನಾಗಿಯೇ ಕಪ್ಪಾಗುವ ಜಾಣ ಗಾಜಂತೆ, ಕರೆಂಟು ಉಳಿಯುತ್ತೆ, ಒಳಗೆ ತಂಪಾಗಿರುತ್ತೆ, ಪರದೆಯೇ ಬೇಡ, ಎಂದು ಮ್ಯಾನೇಜರ್ ಮಗನ ರ‍್ಯಾಂಕ್ ಹೇಳಿಕೊಂಡ ಹಾಗೆ ಹೇಳಿಕೊಂಡಿದ್ದರು — ಗಾಜು ಜಾಣನೇ ಇರಬೇಕು, ಯಾರ ಪಕ್ಕ ಕಪ್ಪಾಗಬೇಕು ಯಾರ ಪಕ್ಕ ಬೇಡ ಅನ್ನುವಷ್ಟು ಜಾಣ, ಅವರ ಕೋಣೆಯ ಗಾಜು ಊಟದ ಹೊತ್ತಿಗೇ ಶಾಯಿ ಬಣ್ಣಕ್ಕೆ ತಿರುಗಿರುತ್ತದೆ. ಕತ್ತಿನ ಹಿಂದೆ ಬೆವರು ಇಳಿಯಿತು, ಎ.ಸಿ.ಯ ಗಾಳಿಗೆ ಮುಖ ಕೊಟ್ಟುಕೊಂಡ ಗೋಡೆಯ ಫಲಕದಲ್ಲಿ ಇಪ್ಪತ್ನಾಲ್ಕು ಡಿಗ್ರಿ, ಬೆಳಿಗ್ಗೆಯೂ ಇಪ್ಪತ್ನಾಲ್ಕು, ಅದಕ್ಕೆ ಬೇರೆ ಅಂಕಿ ಬರುವುದೇ ಇಲ್ಲವೇನೋ, ಒಳಸಾಲಿನ ಹುಡುಗಿ ಶಾಲು ಹೊದ್ದು ಕೂತಿದ್ದಾಳೆ, ಗಾಜಿಗೆ ಅಂಟಿಕೊಂಡ ಕುರ್ಚಿ ತನ್ನದೊಂದೇ, ಆ ಹುಡುಗಿಯೇ ತಾನೇ ಅಂದದ್ದು, ಈ ವಯಸ್ಸಲ್ಲಿ ಹಾಗೇ ಆಗುತ್ತಂತೆ ಅಕ್ಕಾ, ನಮ್ಮಮ್ಮನೂ ಕೂತಲ್ಲೇ ಬೆವರ್ತಾರೆ, ಅದು ಕನಿಕರವೋ ಮೇಲಿನವರು ಹೇಳಿಕೊಟ್ಟ ಮಾತೋ — ಡಾಕ್ಟರೂ ಅದನ್ನೇ ಅಂದು ಮಾತ್ರೆ ಬರೆದರು, ನುಂಗಿದ್ದಾಯಿತು, ಗಂಡ ಮನೆಯಲ್ಲಿ ಫ್ಯಾನು ಜೋರು ಮಾಡಿ ತಾನು ಕಂಬಳಿ ಹೊದ್ದುಕೊಂಡ, ಮನೆಯಲ್ಲಿ ಅವಳಿಗೆ ಸೆಖೆಯೇ ಇರಲಿಲ್ಲ, ಪಾಪ, ಬೇಡ ಅನ್ನಲು ಮನಸ್ಸಾಗಲಿಲ್ಲ, ಭಾನುವಾರವಂತೂ ಒಂದು ಹನಿ ಬೆವರಿಲ್ಲ, ದೇಹಕ್ಕೂ ರಜೆಯ ದಿನ ಗೊತ್ತಾಗುತ್ತದೆಯೇ, ಗಾಜಿನ ಬಗ್ಗೆ ಆಫೀಸಿಗೆ ಕೊಟ್ಟ ದೂರಿಗೆ ಉತ್ತರ ಬಂತು, ಪರಿಶೀಲಿಸಲಾಗಿದೆ, ಯಾವುದೇ ದೋಷ ಕಂಡುಬಂದಿಲ್ಲ — ಅವಳಿಗೆ ಗೊತ್ತಿಲ್ಲದ ವಾಕ್ಯವೇ, ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದೇ ಅವಳ ಕೆಲಸ, ಯಾರೂ ಪರಿಶೀಲಿಸದೆ ಇದ್ದಾಗಲೇ ಅದನ್ನು ಬರೆಯುವುದು. ಈಗ ಮ್ಯಾನೇಜರ್ ಬರುತ್ತಿದ್ದಾರೆ, ಮೊದಲು ನಗು, ಹಿಂದಿನಿಂದ ಅವರು, ಒಂದ್ನಿಮಿಷ ಏಳ್ತೀರಾ, ನಿಮ್ಮ ಕಂಪ್ಯೂಟರಲ್ಲೇ ತೋರಿಸ್ತೀನಿ, ಎಂದು ಅವಳ ಕುರ್ಚಿಯಲ್ಲೇ ಕೂತು ರಜೆಯ ಅರ್ಜಿ ತೆರೆದರು, ಕೆಲವು ತಿಂಗಳು ಆರಾಮಾಗಿರಿ, ಆರೋಗ್ಯ ಮುಖ್ಯ ಅಲ್ವಾ, ಒಂದೊಂದೇ ಕಾಲಂ ತಾವೇ ತುಂಬಿದರು, ಇಷ್ಟೊಂದು ಅಕ್ಕರೆ ಯಾವತ್ತಿನಿಂದ, ತಿರುಗಿ ಬರುವಾಗ ಕೆಲಸ ಇರುತ್ತದೆಯೇ, ಈ ಗಾಜು ಯಾಕೆ ಸಾರ್ ಕಪ್ಪಾಗಲ್ಲ, ಇಲ್ಲಿ ಕಪ್ಪಾದ್ರೆ ಇಡೀ ಸಾಲಿಗೆ ದೀಪ ಹಾಕ್ಬೇಕಲ್ಲಮ್ಮ, ಕರೆಂಟು ಉಳಿಸೋದು ಹೇಗೆ, ಅದೂ ಅಲ್ದೆ ನೋಡಿ, ಇಪ್ಪತ್ನಾಲ್ಕೇ ಇದೆ, ಸೆಖೆ ಎಲ್ಲಿದೆ, ಎಲ್ಲ ಮನಸ್ಸಿಂದು, ಕೊನೇಲಿ ಒಪ್ಪಿಗೆ ಒತ್ತಿಬಿಡಿ — ಎದ್ದರು, ಹೊರಟರು, ಅವಳ ಬೆರಳು ಒಪ್ಪಿಗೆಯ ಹತ್ತಿರ ಹೋಗಿತ್ತು, ಹೋದದ್ದು ಅಲ್ಲೇ ನಿಂತಿತು, ಅವರ ತಿಳಿನೀಲಿ ಅಂಗಿಯ ಬೆನ್ನು, ಕತ್ತಿನಿಂದ ಸೊಂಟದವರೆಗೆ ಕಡುನೀಲಿ, ಚರ್ಮಕ್ಕೆ ಅಂಟಿಕೊಂಡಿದೆ, ಅವಳು ಅರ್ಜಿಯನ್ನು ಮುಚ್ಚಿದಳು, ಅವರು ಯಾರದೋ ಮೇಜಿನ ಬಳಿ ನಿಂತು ನಗುತ್ತಿದ್ದಾರೆ, ಬೆನ್ನು ಇತ್ತ ಕಡೆಗೇ, ಅಂಗಿ ಒದ್ದೆ, ಆ ಬೆನ್ನು, ಒದ್ದೆ —