ಎರಡಕ್ಷರದ ಮಾತು

ಬಟ್ಟೆ, ಅಂಟು, ವಾರ್ನಿಶ್ ಮೂರೂ ಸೇರಿದ ವಾಸನೆ. ಅಸಂಗಿಯ ಕನ್ನಡ ಶಾಲೆಗೆ ಹೊಸ ನಕಾಶೆ ಬಂದ ದಿನ ಮೂರನೆಯ ಇಯತ್ತೆಯ ಮಕ್ಕಳೆಲ್ಲ ಅದನ್ನು ಮೂಸಿ ನೋಡಲು ಮುಗಿಬಿದ್ದಿದ್ದರು. ಗುರುಗಳು ಬೈಯಲಿಲ್ಲ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮೂಗಿನ ಹತ್ತಿರವೂ ನಕಾಶೆಯ ಅಂಚು ಹಿಡಿದರು. ಕೊನೆಯಲ್ಲಿ ನಿಂತಿದ್ದ ಕುಳ್ಳ ಹುಡುಗಿಗಾಗಿ ಮಂಡಿಯೂರಿ ಕುಳಿತರು. ಆ ಹುಡುಗಿ ವಿದ್ಯಾವತಿ. ಅರವತ್ತು ವರ್ಷಗಳ ಮೇಲೆ, ಮಹಾರಾಷ್ಟ್ರದ ಗಡಿಯ ಕನ್ನಡದೂರು ಸಂಖದಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿ ಹೊಸ ಲ್ಯಾಪ್‌ಟಾಪಿನ ಡಬ್ಬಿ ಬಿಚ್ಚಿದೊಡನೆ ಹೆಚ್ಚುಕಡಿಮೆ ಅದೇ ವಾಸನೆ ಬಂದು ಅವರು ಡಬ್ಬಿಯ ಮೇಲೆ ಬಾಗಿದರು.

“ಮೂಸಾಕ ತಂದೀವೇನು ಆಯಿ ಇದನ್ನ?” ಎಂದು ಸೃಷ್ಟಿ ನಕ್ಕಳು.

ಸೃಷ್ಟಿ ವಿದ್ಯಾವತಿಯ ಭಾವ ಸೋಮನಿಂಗಪ್ಪನವರ ಮೊಮ್ಮಗಳು; ಅವಳಿಗೆ ಇವರೂ ಆಯಿ, ಅಜ್ಜಿಯೇ. ಸಾಂಗಲಿಯಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಲ್ಯಾಪ್‌ಟಾಪ್ ಹೊಂದಿಸಿಕೊಡಲೆಂದೇ ಎರಡು ದಿನ ರಜೆ ಹಾಕಿ ಬಂದಿದ್ದಳು. ನಿಜ ಹೇಳಬೇಕೆಂದರೆ ವಿದ್ಯಾವತಿಗೆ ಲ್ಯಾಪ್‌ಟಾಪ್ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದೇ ಒಂದು ವಾಕ್ಯ.

ಅವರ ಯಜಮಾನರು ಗುರುಸಿದ್ದ ಮಾಸ್ತರರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅದಕ್ಕೂ ಮೂರು ವರ್ಷ ಮೊದಲು ಗಂಟಲಿಗೆ ಬೇನೆ ಬಂದು, ಮಿರಜದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ಒಮ್ಮೆಲೇ ಸುಮ್ಮನಾಗಿಬಿಟ್ಟರು. ಆಗ ಸೃಷ್ಟಿಯೇ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಅನುಕೂಲ ಮಾಡಿಕೊಟ್ಟಳು. ಎರಡು ಅಕ್ಷರ ಒತ್ತಿದರೆ ಸಾಕು, ಅದಕ್ಕೆ ಜೋಡಿಸಿಟ್ಟ ಪೂರ್ತಿ ವಾಕ್ಯ ಪರದೆಯ ಮೇಲೆ ಮೂಡಿ, ಯಂತ್ರ ಅದನ್ನು ಓದಿ ಹೇಳುತ್ತಿತ್ತು. ಯಂತ್ರದ ದನಿ ಹೆಣ್ಣಿನದು; ಬರೆದದ್ದು ಊರಿನ ಮಾತಾದರೂ ಓದುವ ಧಾಟಿ ತೀರಾ ಗ್ರಂಥದ ಕನ್ನಡದ್ದು. “ಮಾಸ್ತರ ಹೊಟ್ಟ್ಯಾಗ ಬೆಂಗಳೂರ ಹೆಣ್ಣಮಗಳು ಬಂದು ಕುಂತಾಳ,” ಎಂದು ಗೆಳೆಯ ಭೀಮರಾಯ ಊರೆಲ್ಲ ಹೇಳಿಕೊಂಡು ಬಂದಿದ್ದ. ಯಾವ ಎರಡು ಅಕ್ಷರಕ್ಕೆ ಯಾವ ವಾಕ್ಯ ಎಂಬುದನ್ನು ಮಾಸ್ತರರು ತಾವೇ ಒಂದೊಂದಾಗಿ ತುಂಬಿಕೊಂಡಿದ್ದರು. ಹೊರಗೆ ಹೋದಾಗ ಅದೇ ಕೆಲಸವನ್ನು ಜೇಬಿನ ಫೋನು ಮಾಡುತ್ತಿತ್ತು.

ತೀರಿಹೋಗುವ ನಾಲ್ಕು ದಿನ ಮುಂಚೆ ಒಂದು ಬೆಳಿಗ್ಗೆ ವಿದ್ಯಾವತಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಮಾಸ್ತರರು ಲ್ಯಾಪ್‌ಟಾಪ್ ಅವರ ಕಡೆಗೆ ತಿರುಗಿಸಿ, ‘ವಿ’ ಎರಡು ಸಲ ಒತ್ತಿದರು. ಪರದೆಯ ಮೇಲೆ ಎರಡು ಸಾಲು ಮೂಡಿತು. ದನಿ ಬರಲಿಲ್ಲ. ವಿದ್ಯಾವತಿಯ ಚಷ್ಮಾ ಒಳಗಿನ ಕೋಣೆಯಲ್ಲಿತ್ತು, ಮಡಿಲಲ್ಲಿ ಜೋಳದ ಮೊರ ಇತ್ತು. ಔಷಧಿಯದೋ ಚಹಾದ್ದೋ ಮಾತಿರಬೇಕು ಎಂದುಕೊಂಡು, “ಆತ್ರಿ, ಮಾಡ್ತೀನಿ,” ಎಂದುಬಿಟ್ಟರು. ಮಾಸ್ತರರು ಸ್ವಲ್ಪ ಹೊತ್ತು ಹೆಂಡತಿಯನ್ನೇ ನೋಡಿದರು. ಆಮೇಲೆ ತಲೆಯಾಡಿಸಿ ಮುಚ್ಚಳ ಮುಚ್ಚಿದರು.

ಕೊನೆಯ ದಿನದ ಗದ್ದಲದಲ್ಲಿ, ಸ್ನಾನ ಮಾಡಿಸುವಾಗ, ಮಂಚದ ಕೆಳಗಿದ್ದ ಲ್ಯಾಪ್‌ಟಾಪಿಗೆ ನೀರು ಹೋಯಿತು. ಯಾರೂ ನೋಡಲಿಲ್ಲ. ಜತ್ತದ ರಿಪೇರಿಯವನು ಹದಿನೈದು ದಿನ ಇಟ್ಟುಕೊಂಡು ನೋಡಿ, ಒಳಗಿನದೆಲ್ಲ ಹೋಗಿದೆ ಎಂದು ತಿರುಗಿ ಕೊಟ್ಟ. ಕೊಡುವ ಮುಂಚೆ ಮುಚ್ಚಳವನ್ನು ಒರೆಸಿ, ಹೊಸ ಪೇಪರಿನಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟಿದ್ದ. ವಿದ್ಯಾವತಿ ಅದನ್ನು ಮರೆತಿರಲಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಮಾಸ್ತರರ ಅಕೌಂಟ್ ಹಾಕಿದರೆ ಹಳೆಯ ವಾಕ್ಯಗಳೆಲ್ಲ ತಾವಾಗಿ ಬರುತ್ತವೆ ಎಂದು ಸೃಷ್ಟಿ ಫೋನಿನಲ್ಲಿ ಹೇಳಿದ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

“ಮೊದಲ ನಿಮ್ಮ ಕಣ್ಣಿಗೆ ಬೇಕಾಗಿದ್ದು ಮಾಡೂಣು,” ಎಂದು ಸೃಷ್ಟಿ ಸೆಟ್ಟಿಂಗ್ ತೆರೆದಳು. ಅಕ್ಷರ ದೊಡ್ಡವು ಮಾಡಿದಳು. ಬಾಣದ ಗುರುತನ್ನು ದಪ್ಪ ಮಾಡಿ ಹಳದಿ ಬಣ್ಣ ಕೊಟ್ಟಳು. ಬೆಳಕು ಕಣ್ಣಿಗೆ ಚುಚ್ಚದಂತೆ ಬೆಚ್ಚಗಿನ ಬಣ್ಣಕ್ಕೆ ತಿರುಗಿಸಿದಳು. ಕನ್ನಡ, ಮರಾಠಿ ಎರಡೂ ಕೀಲಿಮಣೆ ಸೇರಿಸಿದಳು.

“ಈ ವಿಂಡೋಸ್ ಕೀ ಹಿಡದು ಉದ್ದನ ಪಟ್ಟಿ ಒತ್ರಿ. ಮರಾಠಿಯಿಂದ ಕನ್ನಡಕ್ಕ ಬರತೈತಿ.”

“ನಮ್ಮ ಜತ್ ತಾಲೂಕಿನ ಮಂದಿ ಒತ್ತದ ಬರತೇವಲ್ಲ,” ಎಂದರು ವಿದ್ಯಾವತಿ.

“ಇದೇ ಕೀ ಹಿಡದು ಪ್ಲಸ್ ಒತ್ತಿದ್ರ ಎಲ್ಲಾ ದೊಡ್ಡದಾಗಿ ಕಾಣಸ್ತೈತಿ. ಎಲ್ ಒತ್ತಿದ್ರ ಕೀಲಿ ಬೀಳತೈತಿ. ಕಂಟ್ರೋಲ್ ಹಿಡದು ಝಡ್ ಒತ್ತಿದ್ರ, ಈಗ ಮಾಡಿದ ತಪ್ಪು ವಾಪಸ್ ಹೋಗತೈತಿ.”

“ಎಷ್ಟ್ ಹಿಂದಕ ಹೋಗತೈತಿ?”

ಸೃಷ್ಟಿ ತಲೆ ಎತ್ತಿ ನೋಡಿದಳು. ಹುಡುಗಿ ಜಾಣೆ. “ಭಾಳ ಹಿಂದಕ ಇಲ್ಲ ಆಯಿ,” ಎಂದು ಮೆಲ್ಲಗೆ ಹೇಳಿ, ಬ್ಯಾಟರಿಯ ಸೆಟ್ಟಿಂಗಿಗೆ ಹೊರಳಿದಳು.

ವಿದ್ಯಾವತಿ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಕಡೆಗೆ ಸೃಷ್ಟಿ ತನ್ನ ಮುತ್ಯಾ ಮಾಸ್ತರರ ಅಕೌಂಟ್ ಹಾಕಿದಳು. ಪಾಸ್‌ವರ್ಡ್ ಅವಳಿಗೆ ನೆನಪಿತ್ತು. ಸ್ವೀಕಾರವಾಯಿತು. ವಿದ್ಯಾವತಿ ಈ ಸಲ ಚಷ್ಮಾ ಹಾಕಿಕೊಂಡೇ ಕುಳಿತಿದ್ದರು.

“ಆಯಿ, ಮುತ್ಯಾನ ಫೋನ್ ತೊಗೊಂಡ್ ಬರ್ರಿ. ಅದಕ್ಕೊಂದು ನಂಬರ್ ಕಳಸ್ಯಾರ. ಅದನ್ನ ಇಲ್ಲಿ ಹಾಕಿದ್ರ ಆತು.”

ವಿದ್ಯಾವತಿ ಏಳಲಿಲ್ಲ.

“ಟ್ರಂಕಿನ್ಯಾಗ ಐತೇನು? ನಾ ತರ್ಲಿ?”

“ಫೋನ್ ಹೊಲದಾಗ ಐತಿ, ಸೃಷ್ಟಿ.”

“ಹೊಲದಾಗ? ಯಾರ್ ಒಯ್ದಾರ?”

“ನಿಮ್ಮ ಮುತ್ಯಾನ ಕೂಡನ ಐತಿ.”

ಮಣ್ಣು ಮಾಡಿದ ದಿನ ಸೃಷ್ಟಿಗೆ ಪರೀಕ್ಷೆ ಇತ್ತು, ಅವಳು ಬಂದಿರಲಿಲ್ಲ. ಆ ದಿನ ನಡೆದದ್ದನ್ನು ವಿದ್ಯಾವತಿ ಹೇಳಿದರು. ಮಾಸ್ತರರನ್ನು ಹೊಲದ ಸಮಾಧಿಯಲ್ಲಿ ಕೂಡಿಸಿ, ವಿಭೂತಿ, ಪತ್ರಿ ಎಲ್ಲ ಹಾಕಿಯಾಗಿತ್ತು. ಆಗ ಸೋಮನಿಂಗಪ್ಪನವರು ಅಳುತ್ತ ಕೆಳಗಿಳಿದು, “ಅಲ್ಲಿ ಯಾರರೆ ಮಾತಾಡಿಸಿದ್ರ ನಮ್ಮ ತಮ್ಮ ಏನಂತ ಹೇಳ್ಯಾನು?” ಎಂದು ಆ ಫೋನನ್ನು ಅಂಗಿಯ ಜೇಬಿನಲ್ಲಿಟ್ಟರು. ಯಾರೂ ಬೇಡವೆನ್ನಲಿಲ್ಲ. ಹಾಗೆಲ್ಲ ಇಡುವ ಪದ್ಧತಿ ಇಲ್ಲವೆಂದು ಸ್ವಾಮಿಗಳಿಗೆ ಗೊತ್ತಿತ್ತು. ಅವರೂ ಆ ಹೊತ್ತಿನಲ್ಲಿ ಮುಖ ಆಚೆ ತಿರುಗಿಸಿ ನಿಂತರು. ಬೆಳಿಗ್ಗೆಯೇ ಅದರ ಬ್ಯಾಟರಿ ಪೂರ್ತಿ ತುಂಬಿಸಿ ಭಾವನ ಕೈಗೆ ಕೊಟ್ಟವರು ವಿದ್ಯಾವತಿಯೇ. ಆ ಎರಡು ಸಾಲು ಅದರಲ್ಲೂ ಇರಬಹುದೆಂದು ಅಂದು ಅವರಿಗೆ ಹೊಳೆದಿರಲಿಲ್ಲ.

ಸೃಷ್ಟಿ ಸಿಮ್ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದಳು. ಎಂಟು ತಿಂಗಳು ರಿಚಾರ್ಜ್ ಇಲ್ಲದ ನಂಬರು ಬಂದ್ ಆಗಿದೆ, ಇನ್ನು ಸಿಗುವುದಿಲ್ಲ ಎಂದ. ಆದರೂ ಒಮ್ಮೆ ಆ ನಂಬರಿಗೆ ಫೋನ್ ಹಚ್ಚಿ ನೋಡಿದಳು. ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಮರಾಠಿಯ ದನಿಯೊಂದು ಬಹಳ ಸೌಜನ್ಯದಿಂದ ಹೇಳಿತು. ಅಕೌಂಟ್ ತೆರೆಯುವ ಬೇರೆ ದಾರಿಗಳನ್ನೂ ಒಂದೊಂದಾಗಿ ಪ್ರಯತ್ನಿಸಿದಳು. ಎಲ್ಲವೂ ಸುತ್ತಿ ಬಳಸಿ ಆ ನಂಬರಿಗೇ ಬಂದು ನಿಂತವು.

“ನಂದ ತಪ್ಪು ಆಯಿ. ಅಕೌಂಟ್ ಮಾಡೂ ಮುಂದ ನಿಮ್ಮ ನಂಬರನೂ ಹಾಕಿದ್ರ ಆಗತಿತ್ತು. ಒಂದ್ ನಿಮಿಷದ ಕೆಲಸ ಇತ್ತು.” ಅವಳ ಕಣ್ಣು ತುಂಬಿತ್ತು.

“ಸುಮ್ನಿರ್. ನಿನ್ನಿಂದ ಅವರು ಮೂರು ವರ್ಷ ಮಾತಾಡಿದ್ರು,” ಎಂದರು ವಿದ್ಯಾವತಿ. “ಮತ್ತ, ಫೋನಿನ ಮಾತು ಮನ್ಯಾಗ ನಿಮ್ಮ ಸೋಮನಿಂಗಪ್ಪ ಮುತ್ಯಾನ ಮುಂದ ತಗೀಬ್ಯಾಡ. ಪ್ರೀತಿಲೆ ಇಟ್ಟಾರ.”

ಅಷ್ಟರಲ್ಲಿ ದುರಗವ್ವ ಹಿತ್ತಲಿನಿಂದ ಒಳಗೆ ಬಂದಳು. ಮಾಸ್ತರರ ಬೇನೆಯ ದಿನಗಳಲ್ಲಿ ಅವರ ಆರೈಕೆಗೆಂದು ಬಂದವಳು, ಈಗಲೂ ಮಧ್ಯಾಹ್ನ ಬಂದು ಮನೆಗೆಲಸ ಮಾಡಿ ಹೋಗುತ್ತಾಳೆ. ಅವಳಿಗೆ ಓದು ಬಾರದು. ಮನೆಯೊಡತಿಯನ್ನು ಬಾಯಾರು ಎಂದೇ ಕರೆಯುತ್ತಾಳೆ. ಇಬ್ಬರ ಮುಖ ನೋಡಿ, “ಯಾಕ್ರಿ ಬಾಯಾರ? ಹೊಸಾದು ಬಂದ ದಿನಾನ ಕೆಟ್ಟಿತೇನು?” ಎಂದಳು.

ಸೃಷ್ಟಿ ವಿಷಯ ತಿಳಿಸಿದಳು. ಮಾಸ್ತರರು ತುಂಬಿಟ್ಟ ಮಾತುಗಳೆಲ್ಲ ಹೋದವು ಎಂದಳು.

“ಎಲ್ಲಿ ಹೋಗತಾವು? ದಿನಾ ಕೇಳೀನಲ್ಲ ನಾ.” ದುರಗವ್ವ ಸೆರಗಿಗೆ ಕೈ ಒರೆಸಿಕೊಂಡು ಕುಳಿತಳು. ಕೊರಳು ನೆಟ್ಟಗೆ ಮಾಡಿ, ಯಂತ್ರದ ಆ ಹೆಣ್ಣುದನಿಯನ್ನೇ ತೆಗೆದು, ಏರಿಳಿತವಿಲ್ಲದೆ ಹೇಳತೊಡಗಿದಳು. “ಬರ್ರಿ. ಕುಂದ್ರಿ. ಕಿವಿ ಚಲೋ ಅದಾವು. ಒದರಬ್ಯಾಡ್ರಿ.”

ಮಾತು ಬಾರದವರ ಮುಂದೆ ಎಲ್ಲರೂ ಗಟ್ಟಿಯಾಗಿ ಕೂಗಿಕೊಂಡೇ ಮಾತಾಡುತ್ತಿದ್ದರು. ಅದಕ್ಕೆಂದು ಮಾಸ್ತರರು ತುಂಬಿಟ್ಟ ಮಾತು ಅದು. ಸೃಷ್ಟಿ ಅಳುವಿನ ನಡುವೆ ನಕ್ಕುಬಿಟ್ಟಳು.

“ಭೀಮರಾಯಾ. ನಿನ್ನ ಸುದ್ದಿ ಮುಗಿದಿದ್ರ. ಮನಿಗೆ ಹೋಗು. ನಿನ್ನ ಹೆಂಡ್ತಿ ಕಾಯಾಕತ್ತಿರಬೇಕು,” ಎಂದಳು ದುರಗವ್ವ ಅದೇ ದನಿಯಲ್ಲಿ. “ದುರಗವ್ವಾ. ಪಲ್ಯಾದಾಗ ಉಪ್ಪ ಇಲ್ಲ. ಬಾಯಾರಿಗೆ ಹೇಳಬ್ಯಾಡ.”

“ನನ್ನ ಮುಂದ ಎಷ್ಟು ಚಲೋ ಆಗೈತಿ ಅಂತ ಒತ್ತತಿದ್ರಲ್ಲ!” ಎಂದರು ವಿದ್ಯಾವತಿ.

“ಅದು ಬ್ಯಾರೆ ಗುಂಡಿ ಇತ್ತರಿ.”

ಒಂದೊಂದನ್ನೇ ಅವಳು ಹೇಳಿದಳು, ಸೃಷ್ಟಿ ಹೊಸ ಲ್ಯಾಪ್‌ಟಾಪಿನಲ್ಲಿ ತುಂಬಿದಳು. ಅಕ್ಷರ ಯಾವುವಿದ್ದವೋ ಗೊತ್ತಿಲ್ಲದ ಕಡೆ ಹೊಸದು ಹಾಕಿದಳು. ಹತ್ತೊಂಬತ್ತು ವಾಕ್ಯಗಳಾದವು. ವಿದ್ಯಾವತಿ ಕಾಯುತ್ತಿದ್ದರು. ಪ್ರತಿ ಸಲ ದುರಗವ್ವ ಬಾಯಿ ತೆರೆದಾಗಲೂ ಅವರ ಕೈ ಪೆನ್ನಿನ ಮೇಲೆ ಬಿಗಿಯಾಗುತ್ತಿತ್ತು. ಕೊನೆಗೆ ತಾವೇ ಕೇಳಿದರು.

“ದುರಗವ್ವಾ, ಒಂದ ಗುಂಡಿ ಎರಡ ಸಲ ಒತ್ತತಿದ್ರು. ಎರಡ ಸಾಲು ಬರತಿತ್ತು. ಅದು ಏನಿತ್ತು?”

ದುರಗವ್ವ ತನ್ನ ದನಿಗೆ ಮರಳಿದಳು. “ಅದು ನನಗ ಗೊತ್ತಿಲ್ರಿ ಬಾಯಾರ.”

“ನೆನಪ ಮಾಡ್ಕೋ. ಅವಸರಿಲ್ಲ.”

“ನೆನಪಿಂದಲ್ರಿ. ಅದರ ದನಿ ಅವರು ಬಂದ್ ಮಾಡಿ ಇಟ್ಟಿದ್ರು. ನೀವು ಹೊರಗ ಹೋದಾಗ ತಗದು ನೋಡತಿದ್ರು, ಅಳಸತಿದ್ರು, ಮತ್ತ ಬರೀತಿದ್ರು. ತಿಂಗಳಗಟ್ಲೆ ಬರದಾರ. ಇದ್ಯಾಕ್ರಿ ಮಾಸ್ತರ ಮಾತಾಡಂಗಿಲ್ಲ ಅಂತ ನಾ ಒಮ್ಮಿ ಕೇಳಿದೆ. ಇಲ್ನೋಡ್ರಿ, ಹಿಂಗ ಮಾಡಿದ್ರು.” ಅವಳು ಗಾಳಿಯಲ್ಲಿ ಕೈ ಎತ್ತಿ, ಕರಿಹಲಗೆಯ ಮೇಲೆ ಬರೆಯುವಂತೆ ಬೆರಳಾಡಿಸಿದಳು. ಹೆಂಡತಿಯ ಹೆಸರು ಹೇಳುವ ಬದಲು ಮಾಸ್ತರರು ಮನೆಯಲ್ಲಿ ಮಾಡುತ್ತಿದ್ದ ಸನ್ನೆ ಅದು. “ಬಾಯಾರಿಗೆ ಅಂತ. ಆಕಿ ಓದಬೇಕು, ನೀ ಕೇಳೂದಲ್ಲ ಅಂತ. ನಾ ಮತ್ತ ಕೇಳಲಿಲ್ಲ.”

ಹೊರಗೆ ಸನಮಡಿಯ ಕಡೆ ಹೋಗುವ ಬಸ್ಸು ಹಾರ್ನ್ ಹೊಡೆದು ಹೋಯಿತು. ವಿದ್ಯಾವತಿ ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. ತಿಂಗಳುಗಟ್ಟಲೆ ತಿದ್ದಿ ತಿದ್ದಿ ಬರೆದ ಎರಡು ಸಾಲು. ಅದಕ್ಕೆ ತಾವು ಕೊಟ್ಟ ಉತ್ತರ, ಆತ್ರಿ ಮಾಡ್ತೀನಿ.

“ಆ ಎರಡು ಅಕ್ಷರಕ್ಕ ಏನ್ ಹಾಕಲಿ ಆಯಿ?” ಸೃಷ್ಟಿ ಕೇಳಿದಳು.

“ಖಾಲಿ ಇಡು.”

ಸೃಷ್ಟಿ ಒತ್ತಿ ನೋಡಿದಳು. “ಖಾಲಿ ತೊಗೊಳ್ಳಂಗಿಲ್ಲ. ಏನರೆ ಬರೀಬೇಕು ಅಂತೈತಿ.”

“ಹಂಗಾದ್ರ ಬಿಡವ್ವ. ಏನೂ ಬರೀಬ್ಯಾಡ.”

ಸೃಷ್ಟಿ ಆ ಸಾಲನ್ನು ತೆಗೆದುಹಾಕಿ, ಹತ್ತೊಂಬತ್ತನ್ನು ಉಳಿಸಿ, ಮುಚ್ಚಳ ಮುಚ್ಚಿದಳು. ವಿದ್ಯಾವತಿ ಗೋಡೆಗೆ ಒರಗಿ ಹಾಗೆಯೇ ಕುಳಿತರು. ಅಳಲಿಲ್ಲ. ಸೃಷ್ಟಿ ಅವರ ಪಾದದ ಹತ್ತಿರ ಸರಿದು, ಡಬ್ಬಿಯ ರಟ್ಟುಗಳನ್ನು ಸಪ್ಪಳವಾಗದಂತೆ ಒಂದರೊಳಗೊಂದು ಇಡತೊಡಗಿದಳು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು, ನಿಂತಿತು. ದುರಗವ್ವ ತಾಟು ಹಿಡಿದು ಬಂದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಚಟ್ನಿ, ಸ್ವಲ್ಪ ಮೊಸರು. ವಿದ್ಯಾವತಿಯ ಎದುರು ಮಂಡಿಯೂರಿ, ಅವರ ಕೈಯಲ್ಲಿದ್ದ ಪೆನ್ನು ತೆಗೆದು ಬದಿಗಿಟ್ಟು, ಆ ಕೈಗೆ ತಾಟು ಕೊಟ್ಟಳು.