ಪುಟ್ಟಮಾದಮ್ಮನ ಹೆಸರಿನ ಸಾಲು

ಒಂದೂವರೆ ಎಕರೆ ಹೊಲದಲ್ಲಿ ಪುಟ್ಟಮಾದಮ್ಮ ಒಬ್ಬಳೇ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತ ಭದ್ರಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಉಳಿದವರು ನೀರು ಕುಡಿಯಲು ಹೋಗಿರಬೇಕು ಎಂದುಕೊಂಡಳು. ಶ್ರಾವಣ ಮಾಸದಲ್ಲಿ, ರಾಗಿ ಪೈರು ಗೇಣುದ್ದ ಎದ್ದಿರುವಾಗ, ಒಂದು ಹೊಲಕ್ಕೆ ಒಬ್ಬಳೇ ಹೆಂಗಸು ಎಂಬುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಎಲ್ಲೇ ಮಿಕ್ಕೋರು?" ಎಂದು ನಿಂತಲ್ಲಿಂದಲೇ ಕೂಗಿದಳು.

ಪುಟ್ಟಮಾದಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. "ಅಯ್ಯೋ, ಭದ್ರಿ! ಯಾವಾಗ ಬಂದ್ಯೆ?"

"ಬೆಳಿಗ್ಗೆ ಬಸ್ಸಿಗೆ. ನೀನೇ ಓಡ್ ಬತ್ತೀಯ ಅಂತ ಜಗಲಿ ಮೇಲೆ ಕುಂತು ಕುಂತು ಸಾಕಾಯ್ತು. ಮಿಕ್ಕೋರು ಎಲ್ಲೇ ಅಂದ್ರೆ?"

"ಮಿಕ್ಕೋರು ಯಾರೂ ಇಲ್ಲ ಕಣೆ. ನಾನೇಯ."

ಭದ್ರಮ್ಮ ಸೀರೆ ಮೇಲೆತ್ತಿಕೊಂಡು ಹೊಲಕ್ಕೆ ಇಳಿದಳು. ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದ ಕಾಲದಲ್ಲಿ ಬಿಳಿಕೆರೆಗೆ ಮದುವೆಯಾಗಿ ಹೋದವಳು ಅವಳು. ಗಂಡ ನಂಜುಂಡಸ್ವಾಮಿಯದು ರಸ್ತೆ ಬದಿಯಲ್ಲಿ ಹೋಟೆಲು. ಮೈಸೂರಿಂದ ಹುಣಸೂರಿಗೆ ಹೋಗುವ ಬಸ್ಸೆಲ್ಲ ಅಲ್ಲಿ ನಿಲ್ಲುತ್ತವೆ. ಹೆಸರಿಗೆ ಗಂಡನದು, ಹುಕುಂ ಎಲ್ಲ ಇವಳದು. ಕಂಡಕ್ಟರುಗಳನ್ನೂ ಏಕವಚನದಲ್ಲಿ ಗದರಿಸಿಕೊಂಡು, ನಾಲ್ಕು ವರ್ಷದಿಂದ ತವರಿನ ಕಡೆ ತಲೆ ಹಾಕಿರಲಿಲ್ಲ. ಈಗ ಮೂರು ದಿನ ಬಿಡುವು ಮಾಡಿಕೊಂಡು ರಾವಂದೂರಿನ ಹತ್ತಿರದ ಈ ಊರಿಗೆ ಬಂದಿದ್ದಳು. ಅಣ್ಣನ ಮನೆ ಒಂದು ನೆವ. ಅವಳಿಗೆ ಬೇಕಾಗಿದ್ದುದು ಪುಟ್ಟಮಾದಮ್ಮನ ಜೊತೆ ಕೂತು ಮನಸಾರೆ ಮಾತಾಡುವುದು.

ಆ ಕಡೆಯ ಹೆಂಗಸರು ಕಳೆ ಕೀಳಲು ಮುಯ್ಯಾಳು ಹೋಗುತ್ತಾರೆ. ಇವತ್ತು ನೀವೆಲ್ಲ ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮೊಬ್ಬೊಬ್ಬರ ಹೊಲಕ್ಕೂ ಬಂದು ತೀರಿಸಬೇಕು. ಕಳೆಯ ಕಾಲದಲ್ಲಿ ಊರಿನ ಹೆಂಗಸರೆಲ್ಲ ಹೀಗೆ ಒಬ್ಬರಿಗೊಬ್ಬರು ಕಟ್ಟಿಬಿದ್ದಿರುವುದರಿಂದ ಕೂಲಿಗೆ ಕರೆದರೂ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಇಂಥ ಗುಂಪಿಗೆ ಕಟ್ಟು ಎನ್ನುತ್ತಾರೆ; ಪುಟ್ಟಮಾದಮ್ಮನ ಕಟ್ಟಿನಲ್ಲಿ ಅವಳೂ ವೀರಮ್ಮನೂ ಸೇರಿ ಎಂಟು ಜನ ಇದ್ದರು. ಭದ್ರಮ್ಮನೂ ಮದುವೆಗೆ ಮುಂಚೆ ಅದರಲ್ಲೇ ಇದ್ದವಳು.

"ವೀರಕ್ಕ ನನ್ನ ಬುಟ್ಟಾಕ್ಬುಟ್ಲು," ಎಂದಳು ಪುಟ್ಟಮಾದಮ್ಮ. ಕೈ ಮಾತ್ರ ಕಳೆ ಕೀಳುತ್ತಲೇ ಇತ್ತು. "ಓದ್ ವರ್ಷ ಎಲ್ರೂ ನನ್ನೊಲಕ್ಕೆ ಬಂದು ಕಿತ್ಕೊಟ್ರು. ಮಾರ್ನೆ ದಿನ ವೀರಕ್ಕಂದು ಸರದಿ. ಆವತ್ತೆ ಬೆಳಗಾನ ನಮ್ಮೋರು ಅಟ್ಟದಿಂದ ಬಿದ್ದು ಕಾಲು ಮುರ್ಕೊಂಡ್ರು. ಗಾಡೀಲಾಕ್ಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಓದೆ. ಅನ್ನೆರಡು ದಿನ. ನಾನಿಲ್ಲ ಅಂತ ಮಿಕ್ಕೋರೂ ಅರ್ಧಂಬರ್ಧ ಮಾಡಿ ಎದ್ರು. ಆಮೇಲೆ ಇಡ್ಕೊಂಡ ಮಳೆ ಬುಡ್ಲೇ ಇಲ್ಲ. ಅವ್ಳ ಅರ್ಧ ಒಲ ಕಳೇಲಿ ಮುಚ್ಚೋಯ್ತು."

"ಅದ್ಕೆ ನೀನೇನ್ ಮಾಡೀಯೆ? ಗಂಡನ ಕಾಲು ನೋಡ್ತಿದ್ಯೋ, ಕಳೆ ಕೀಳ್ತಿದ್ಯೋ?"

"ಅದ ನಂಗ್ಯಾಕೆ ಯೋಳೀಯೆ? ಅವ್ಳಿಗ್ಯೋಳು. ಬಾವಿ ತಾವ ಎಲ್ರೆದ್ರೂಗೆ, 'ಮುಯ್ಯಿ ತಿಂದೋಳು' ಅಂದ್ಬುಟ್ಲು. ನಾನೂ ಮಾತು ಬುಟ್ಟೆ. ಈ ವರ್ಷ ಯಾರೂ ಕರೀಲಿಲ್ಲ, ನಾನೂ ಓಗ್ಲಿಲ್ಲ."

ಭದ್ರಮ್ಮ ಹೊಲದ ಉದ್ದಗಲ ಕಣ್ಣಾಡಿಸಿದಳು. ಕಾಲುಭಾಗವೂ ಆಗಿರಲಿಲ್ಲ. ಇನ್ನೊಂದು ವಾರ ಹೀಗೇ ಬಿಟ್ಟರೆ ಕಳೆ ಪೈರನ್ನು ನುಂಗುತ್ತದೆ. ಪುಟ್ಟಮಾದಮ್ಮನ ಗಂಡ ಮಹದೇವಯ್ಯ ಸೊಟ್ಟಗೆ ಕೂಡಿದ ಕಾಲಿನಲ್ಲಿ ಕುಂಟಿಕೊಂಡು ಉತ್ತು ಬಿತ್ತಿದ ರಾಗಿ. ಇದು ಹೋದರೆ ವರ್ಷದ ಹಿಟ್ಟಿಲ್ಲ. ಭದ್ರಮ್ಮನಿಗೆ ಸಂಕಟವಾಯಿತು, ಅದರ ಹಿಂದೆಯೇ ಕೋಪ ಬಂತು. ಅವಳಿಗೆ ಸಂಕಟ ಬಹಳ ಹೊತ್ತು ಸಂಕಟವಾಗಿ ಉಳಿಯುವುದಿಲ್ಲ.

"ನಾನು ನೋಡ್ಕೋತೀನಿ ಬುಡು," ಎಂದಳು.

"ನೀನೇನೇ ನೋಡ್ಕೊಂಡೀಯೆ? ಮೂರು ದಿನಕ್ಕೆ ಬಂದಿದ್ದೀಯ. ಓಗಿ ಅಣ್ಣನ ಮನೇಲಿ ಒಬ್ಬಟ್ಟು ತಿನ್ನೋಗು."

ಅಣ್ಣ ಚನ್ನಬಸವಣ್ಣನ ಮನೆಯಲ್ಲಿ ಅಂದು ಒಬ್ಬಟ್ಟೇ ಆಗಿತ್ತು. ನಾದಿನಿಯ ಎಲೆಗೆ ಮಂಗಳಮ್ಮ ನಾಲ್ಕನೆಯದನ್ನು ಹಾಕುವಾಗ ಭದ್ರಮ್ಮ, "ಅತ್ತಿಗೆ, ನಾಳೆ ವೀರಕ್ಕನ ಕಟ್ಟು ಯಾರ ಒಲಕ್ಕೆ?" ಎಂದು ಕೇಳಿದಳು.

"ವೀರಕ್ಕನ ಒಲಕ್ಕೇ. ಯಾಕೆ?"

"ನಿಮ್ಮದೊಂದು ಹಳೇ ಸೀರೆ ಕೊಡಿ."

ಚನ್ನಬಸವಣ್ಣನಿಗೆ ತಂಗಿಯ ಸ್ವಭಾವ ಗೊತ್ತಿತ್ತು. "ಲೇ ಭದ್ರಿ, ಅದು ಎಂಗಸ್ರ ಜಗಳ. ಊರಿನ ಯಜಮಾನ್ರೇ ಬಾಯಿ ಹಾಕಿಲ್ಲ. ಎರಡು ದಿನ ಉಂಡ್ಕೊಂಡು ತಿಂದ್ಕೊಂಡು ಸುಮ್ಕಿದ್ದೋಗಮ್ಮ," ಎಂದ.

"ಯಜಮಾನ್ರಿಗೆ ಕಳೆ ಕೀಳೋಕೆ ಬತ್ತದಾ ಅಣ್ಣ? ಬಾಯಿ ಹಾಕೋಕೆ ಅವರ್ಯಾರು?" ಎಂದು ಭದ್ರಮ್ಮ ಎಲೆ ಮಡಿಚಿ ಎದ್ದಳು.

ಬೆಳಿಗ್ಗೆ ಅವಳು ಮಂಗಳಮ್ಮನ ಹಳೇ ಸೀರೆ ಉಟ್ಟು, ಸೆರಗು ಬಿಗಿದು, ಕೈಯಲ್ಲೊಂದು ಕುಡುಗೋಲು ಹಿಡಿದು ವೀರಮ್ಮನ ಹೊಲದಲ್ಲಿ ನಿಂತಾಗ ಏಳು ಜನರೂ ಬಾಯಿ ಬಿಟ್ಟುಕೊಂಡು ನೋಡಿದರು. ವೀರಮ್ಮ ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಕಟ್ಟಿಗೆ ಅವಳೇ ಹಿರಿಯಳು, ಅವಳು ಹೂಂ ಅಂದರೆ ಹೂಂ. ಚಿಕ್ಕಂದಿನಲ್ಲಿ ಭದ್ರಿಗೂ ಪುಟ್ಟಮಾದಿಗೂ ಸಾಲು ಹಿಡಿಯುವುದನ್ನು ಕಲಿಸಿದವಳೂ ಅವಳೇ.

"ಇದೇನೇ, ಹೋಟ್ಲು ಸಾವ್ಕಾರ್ತಿ ಒಲಕ್ಕೆ ಬಂದವ್ಳೆ!"

"ಕೈ ಮರ್ತೋಗ್ಯದೆ ವೀರಕ್ಕ. ಒಂದು ಸಾಲು ಕೊಡು."

"ತಕೊಳ್ಳವ್ವ, ತಕೊ. ನಡ ಇಡ್ಕೊಂಡ್ರೆ ಬಿಳಿಕೆರೆಯಿಂದ ನಿನ್ ಗಂಡನ್ನ ಕರೆಸ್ಬೇಕಾಯ್ತದೆ, ನೋಡ್ಕೊ," ಎಂದಳು ವೀರಮ್ಮ. ಎಲ್ಲರೂ ನಕ್ಕರು. ಭದ್ರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಬಾಯಿ ಏನೋ ಮರೆತಿರಲಿಲ್ಲ. ಹಳೆಯ ಮದುವೆಗಳು, ಹೊಸ ಬಸುರಿಯರು, ಹುಣಸೂರಿನ ಬಸ್ಸಿನಲ್ಲಿ ಕೋಳಿ ಕಳೆದುಕೊಂಡವಳ ಕಥೆ, ಓಟು ಹಾಕಲು ಹೋದಾಗ ಗಂಡನ ಹೆಸರು ಹೇಳು ಎಂದವನಿಗೆ ತಾನು ಮಾಡಿದ ಪಜೀತಿ, ಎಲ್ಲ ಹೇಳಿ ಹೆಂಗಸರನ್ನು ನಗಿಸಿದಳು. ಕೈಯೂ ಬಾಯಿಯ ಜೊತೆಗೇ ಓಡುತ್ತಿತ್ತು. ಎಲ್ಲರಿಗಿಂತ ಮೂರು ಮಾರು ಮುಂದೆ ಹೋಗಿಬಿಟ್ಟಳು. ಹಿಂದಕ್ಕೆ ತಿರುಗಿ, "ಏನ್ರವ್ವಾ, ನಿದ್ದೆ ಮಾಡ್ತಿದ್ದೀರಾ?" ಎಂದು ಕೆಣಕಿದಳು.

ವೀರಮ್ಮ ಎದ್ದು ಬಂದು ಭದ್ರಮ್ಮನ ಸಾಲಿನ ಪಕ್ಕ ನಿಂತಳು. ಬದುವಿಗೆ ಎಸೆದಿದ್ದ ಕಳೆಯ ಗುಡ್ಡೆಯಿಂದ ಒಂದು ಹಿಡಿ ಎತ್ತಿ ಅದರ ಬುಡ ನೋಡಿದಳು. ಮುಖದ ಮೇಲಿನ ನಗು ಹೋಯಿತು.

"ಭದ್ರಿ, ಏನೇ ಇದು?"

"ಕಾಡುರಾಗಿ ಕಣಕ್ಕ. ತುಂಬ್ಕೊಂಡದೆ."

"ನಿನ್ ತಲೆ ತುಂಬ್ಕೊಂಡದೆ. ಇದು ರಾಗಿ! ಕಾಡುರಾಗಿ ಅಗೋ, ಸಾಲ್ನಲ್ಲಿ ಜ್ವಾಪಾನವಾಗಿ ಬುಟ್ಟಿದ್ದೀಯ. ಬುಡ ಚಪ್ಪಟೆ ಇದ್ರೆ ಕಾಡು, ಗುಂಡಗಿದ್ರೆ ರಾಗಿ ಅಂತ ಎಳೇ ಮಕ್ಕಳಿಗೂ ಗೊತ್ತು!"

ಯಾರೋ ಕಿಸಕ್ಕನೆ ನಕ್ಕರು. ಭದ್ರಮ್ಮನ ಮುಖ ಕೆಂಪೇರಿತು. ಬಿಳಿಕೆರೆಯಲ್ಲಿ ಅವಳನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಕಾಡುರಾಗಿಯೂ ರಾಗಿಯೂ ಎಳೆಯದರಲ್ಲಿ ಒಂದೇ ತರಹ ಕಾಣುತ್ತವೆ, ನಿಜ. ಆದರೆ ಹನ್ನೆರಡು ವರ್ಷ ಹೋಟೆಲಿನಲ್ಲಿ ಕೂತವಳಿಗೆ ಆ ತಪ್ಪಾಗುತ್ತದೆ, ಹೊಲದಲ್ಲಿ ಕೂತವಳಿಗೆ ಆಗುವುದಿಲ್ಲ. ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬಂದ ಕೆಲಸವೇ ಕೆಡುತ್ತದಲ್ಲ!

"ಏಳು, ನೆಳ್ಳಾಗೋಗಿ ಕುಂತ್ಕೊ," ಎಂದಳು ವೀರಮ್ಮ. "ಇದು ಆಳಲ್ಲ, ಮೇಕೆ ನುಗ್ಗಿದಂಗೆ."

"ಏಳಲ್ಲ. ಎಲ್ಲಿಂದ ಕೆಡಿಸ್ದೆನೋ ಅಲ್ಲಿಂದ ಮಾಡ್ತೀನಿ."

ಅವಳು ಸಾಲಿನ ತುದಿಗೆ ವಾಪಸ್ಸು ಹೋದಳು. ರಾತ್ರಿಯ ಸೋನೆಗೆ ಮಣ್ಣು ಹಸಿಯಾಗಿತ್ತು. ಕಿತ್ತು ಹಾಕಿದ್ದ ರಾಗಿಯನ್ನು ಒಂದೊಂದಾಗಿ ಆರಿಸಿ, ಬೆರಳಿನಿಂದ ಗುಳಿ ಮಾಡಿ, ಬುಡ ಒತ್ತಿ ನೆಟ್ಟಳು. ಹಳ್ಳದಿಂದ ಮಡಕೆಯಲ್ಲಿ ನೀರು ತಂದು ಒಂದೊಂದು ಬೊಗಸೆ ಹಾಕಿದಳು. ಪ್ರತಿ ಕಳೆಯ ಬುಡವನ್ನೂ ಬಗ್ಗಿ ಹತ್ತಿರದಿಂದ ನೋಡಿಯೇ ಕಿತ್ತಳು. ಮಧ್ಯಾಹ್ನ ಎಲ್ಲರೂ ಮುದ್ದೆ ಉಣ್ಣಲು ಕೂತಾಗಲೂ ಏಳಲಿಲ್ಲ. ಸೊಂಟ ಹಿಡಿದುಕೊಂಡಿತು, ಉಗುರಿನ ಸಂದಿ ಸೀಳಿ ರಕ್ತ ಬಂತು. ವೀರಮ್ಮ ಎರಡು ಸಲ ಬಂದು ಹಿಂದೆ ನಿಂತು ನೋಡಿಕೊಂಡು ಹೋದಳು. ಸಂಜೆ ಬೇರೆಯವರೆಲ್ಲ ಮನೆಗೆ ಹೊರಟ ಮೇಲೆ ಇನ್ನೂ ಸ್ವಲ್ಪ ಹೊತ್ತಿಗೆ ಅವಳ ಸಾಲು ಮುಗಿಯಿತು. ವೀರಮ್ಮ ಬದುವಿನ ಮೇಲೆ ಕಾದಿದ್ದಳು.

"ತಕೊ, ಎಲೆ ಅಡಿಕೆ ಹಾಕ್ಕೊ," ಎಂದು ಚೀಲ ಬಿಚ್ಚಿದಳು. "ಪರ್ವಾಗಿಲ್ಲ ಕಣೆ, ಜಿಗುಟು ಹೋಗಿಲ್ಲ. ಈ ಮುಯ್ಯಿ ನಾನೆಂಗೇ ತೀರಿಸ್ಲಿ? ಬಿಳಿಕೆರೆಗೆ ಬಂದು ಲೋಟ ತೊಳೀಲಾ?"

ಭದ್ರಮ್ಮ ಇಡೀ ದಿನ ಕಾದಿದ್ದುದು ಈ ಮಾತಿಗೆ.

"ಬಿಳಿಕೆರೆಗೆ ಬ್ಯಾಡ. ನಾಳೆ ಪುಟ್ಟಮಾದಿ ಒಲಕ್ಕೆ ಬಾ. ಇವತ್ತು ಕೂತಿದ್ದು ಅವಳ ಹೆಸರಿನ ಆಳು."

ಎಲೆಗೆ ಸುಣ್ಣ ಸವರುತ್ತಿದ್ದ ವೀರಮ್ಮನ ಬೆರಳು ಅಲ್ಲೇ ನಿಂತಿತು.

"ಮೋಸ ಮಾಡ್ದ್ಯಾ?"

"ಹೌದು. ಮೊದ್ಲೇ ಅಂದಿದ್ರೆ ಸಾಲು ಕೊಡ್ತಿದ್ಯಾ?"

"ಅವಳು ಕಳ್ಸಿದ್ಲಾ?"

"ಅವಳ್ಗೆ ಗೊತ್ತೇ ಇಲ್ಲ. ಗೊತ್ತಾದ್ರೆ ನನ್ನ ಜುಟ್ಟು ಹಿಡ್ಕೋತಾಳೆ."

ವೀರಮ್ಮ ಎಲೆಯನ್ನು ಕೈಯಲ್ಲೇ ಹಿಸುಕಿದಳು. "ನನ್ನೊಲ ಓಗಿದ್ದಕ್ಕೆ ನಂಗೆ ದುಕ್ಕ ಇಲ್ಲ ಕಣೆ ಭದ್ರಿ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷ ಬೆಳೀತದೆ. ಅವ್ಳು ಆಸ್ಪತ್ರೆಯಿಂದ ಬಂದು ನಾಕು ದಿನ ಆದ್ರೂ ನಮ್ಮನೆ ಬಾಗ್ಲಿಗೆ ಬರ್ಲಿಲ್ಲ. 'ಅಕ್ಕ, ಇಂಗಾಯ್ತು' ಅಂತ ಒಂದು ಮಾತು ಅಂದಿದ್ರೆ ನಾನೇನು ರಾಕ್ಷಸಿಯಾ? ಬೇರೆಯೋರ ಬಾಯಲ್ಲಿ ಕೇಳ್ಬೇಕಾಯ್ತು. ಕೈ ಹಿಡಿದು ಕೆಲಸ ಕಲಿಸಿದ್ದೆ ಅವ್ಳಿಗೆ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಕೋಪದಿಂದಲೇ ಎದ್ದು ಹೋದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಪುಟ್ಟಮಾದಮ್ಮ ನಿಜಕ್ಕೂ ಜುಟ್ಟು ಹಿಡಿಯುವಂತೆಯೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಅವಳ ಮನೆ ಮುಟ್ಟಿತ್ತು.

"ನನ್ನೆಸರ್ನಲ್ಲಿ ಬಿಕ್ಸೆ ಎತ್ತಿ ಬಂದ್ಯಾ? ನಿನ್ನ ಯಾರೇ ಕೇಳಿದ್ರು?"

"ಬಿಕ್ಸೆ ಅಲ್ಲ. ದುಡಿದು ಬಂದಿವ್ನಿ. ನೋಡಿಲ್ಲಿ ಬೆರಳ." ಭದ್ರಮ್ಮ ಹತ್ತು ಬೆರಳನ್ನೂ ಅವಳ ಮೂಗಿನ ಹತ್ತಿರ ಚಾಚಿದಳು. "ಅವ್ಳಿಗೆ ಒಲದ ಕೋಪ ಇಲ್ಲ ಕಣೆ ಮಾದಿ. ನೀನು ಬಂದು ಒಂದು ಮಾತು ಯೋಳ್ಲಿಲ್ಲ ಅಂತ ಅತ್ಲು. ವೀರಕ್ಕ ಅಳೋದು ನೀನು ನೋಡಿದ್ದೀಯಾ ಯಾವತ್ತಾದ್ರೂ?"

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಮಹದೇವಯ್ಯ, "ನಾನಾವತ್ತೇ ಅಂದಿದ್ದೆ, ಓಗಿ ಬಾ ಅಂತ," ಎಂದ.

"ಓಗ್ಬೇಕು ಅಂತ್ಲೇ ಒರಟಿದ್ದೆ," ಎಂದಳು ಪುಟ್ಟಮಾದಮ್ಮ ಸಣ್ಣ ದನಿಯಲ್ಲಿ. "ದಿನಾ ಒರಡ್ತಿದ್ದೆ. ಅವ್ಳ ಒಲ ದಾಟೇ ಓಗ್ಬೇಕಲ್ಲ, ಆ ಕಳೆ ನೋಡಿ ಕಾಲೇ ಮುಂದಕ್ಕೆ ಬತ್ತಿರ್ಲಿಲ್ಲ. ಆಮೇಲೆ ಬಾವಿ ತಾವ ಅಂಗಂದ್ಬುಟ್ಲು." ದೀಪದ ಬತ್ತಿ ತಿದ್ದುತ್ತ, "ನಾಳೆ ಅವ್ಳು ಬರ್ದೇ ಓದ್ರೆ?" ಎಂದು ಕೇಳಿದಳು.

"ಬತ್ತಾಳೆ. ನೀನು ಎಲೆ ಅಡಿಕೆ ಮಡಗಿರು," ಎಂದು ಭದ್ರಮ್ಮ ಖಂಡಿತವಾಗಿ ಹೇಳಿದಳು. ಅವಳಿಗೂ ಖಾತರಿ ಇರಲಿಲ್ಲ. ಖಾತರಿ ಇಲ್ಲದಾಗ ಅವಳು ಇನ್ನೂ ಗಟ್ಟಿಯಾಗಿ ಮಾತಾಡುತ್ತಾಳೆ. "ನಾನೂ ಬೆಳಿಗ್ಗೆ ಒಲಕ್ಕೆ ಬತ್ತೀನಿ."

"ನೀನು ಬರ್ಬ್ಯಾಡ. ನೀನಿದ್ರೆ ನಿನ್ ಮೊಕ ನೋಡ್ಕೊಂಡು ಬಂದಂಗಾಯ್ತದೆ. ಬಂದ್ರೆ ನಂಗೋಸ್ಕರ ಬರ್ಲಿ. ಇಲ್ದಿದ್ರೆ ಬ್ಯಾಡ."

ಅದು ಸರಿಯಾದ ಮಾತೇ. ಭದ್ರಮ್ಮ ಹೂಂ ಎಂದಳು. ಆದರೆ ಬೆಳಿಗ್ಗೆ ಅವಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮಂಗಳಮ್ಮ ಮಡಿಲು ತುಂಬುವಾಗ ಬಾಗಿಲ ಕಡೆಯೇ ನೋಡುತ್ತಿದ್ದಳು. ಬಸ್ಸು ಹತ್ತಿಸಲು ಬಂದ ಅಣ್ಣ ಬುತ್ತಿ ಗಂಟು ಕೊಟ್ಟು, "ಗೌರಿ ಹಬ್ಬಕ್ಕೆ ತಪ್ಪಿಸ್ಬ್ಯಾಡ ಕಣಮ್ಮ," ಎಂದುದಕ್ಕೂ ಎತ್ತಲೋ ನೋಡಿಕೊಂಡು ತಲೆ ಆಡಿಸಿದಳು. ಒಂದು ದಿನದ ದುಡಿಮೆ ಒಂದು ವರ್ಷದ ಮುನಿಸನ್ನು ಕಳೆದೀತೇ? ತಾನು ಬಾಯಿ ಹಾಕಿ ಇದ್ದದ್ದನ್ನೂ ಕೆಡಿಸಿದೆನೋ ಏನೋ. ಕಿತ್ತು ನೆಟ್ಟದ್ದೆಲ್ಲ ಬೇರು ಹಿಡಿಯುತ್ತದೆ ಎಂದು ಯಾರು ಹೇಳಿದರು?

ಬಸ್ಸು ಹತ್ತಿದವಳೇ ಬಲಗಡೆಯ ಕಿಟಕಿಯಲ್ಲಿ ಕೂತಿದ್ದ ಮುದುಕನನ್ನು, "ಈ ಪಕ್ಕ ಕುಂತ್ಕೋ ತಾತ, ನಂಗೆ ತಲೆ ಸುತ್ತದೆ," ಎಂದು ಎಬ್ಬಿಸಿದಳು. ಊರು ದಾಟಿ, ಹೊಂಗೆ ಮರಗಳ ತಿರುವು ಕಳೆದರೆ ರಸ್ತೆಯ ಕೆಳಗೇ ಪುಟ್ಟಮಾದಮ್ಮನ ಹೊಲ. ಭದ್ರಮ್ಮ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಬ್ಬಳೇ ಕೂತಿದ್ದರೆ ಬಸ್ಸು ನಿಲ್ಲಿಸಿ ಇಳಿದುಬಿಡುವುದು, ಬಿಳಿಕೆರೆಯ ಹೋಟೆಲು ಹಾಳಾಗಿ ಹೋಗಲಿ ಎಂದು ತೀರ್ಮಾನಿಸಿದ್ದಳು.

ತಿರುವು ಕಳೆಯಿತು. ಹೊಲದಲ್ಲಿ ಬಗ್ಗಿದ ಬೆನ್ನುಗಳು ಕಂಡವು. ಒಂದು, ಎರಡು, ಮೂರು. ಅವಳು ತುಟಿ ಅಲ್ಲಾಡಿಸುತ್ತ ಎಣಿಸಿದಳು. ಕಣ್ಣು ಮಂಜಾಗಿ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು. ಎಂಟು.

"ಯಾರಮ್ಮ ಅಲ್ಲಿ, ನಿಮ್ಮೋರಾ?" ಎಂದು ಪಕ್ಕದ ಮುದುಕ ಕೇಳಿದ.

"ಹೂಂ, ನಮ್ಮೋರೇ. ಅವ್ಳು ನನ್ನ ಗೆಣೆಕಾತಿ, ಚಿಕ್ಕಂದ್ನಿಂದ ಜೊತೆಗಾತಿ," ಎಂದು ಭದ್ರಮ್ಮ ಕೈ ಚಾಚಿದಳು. ಆದರೆ ಆ ಎಂಟರಲ್ಲಿ ಪುಟ್ಟಮಾದಮ್ಮ ಯಾರು, ವೀರಕ್ಕ ಯಾರು ಎಂದು ಅವಳಿಗೆ ಗುರುತು ಹತ್ತಲಿಲ್ಲ. ಎಲ್ಲರ ತಲೆಯ ಮೇಲೂ ಸೆರಗಿತ್ತು. ಸಾಲು ಹಿಡಿದು ಒಟ್ಟಿಗೇ ಮುಂದಕ್ಕೆ ಸರಿಯುತ್ತಿದ್ದರು, ಅವರ ಹಿಂದೆ ಕೆಂಪು ಮಣ್ಣು ಹಸನಾಗಿ ಕಾಣುತ್ತಿತ್ತು.